ಬಾಗಿಲಂಚಿನ ಚೀಟಿ

ಅಮೆರಿಕದಲ್ಲಿ ಸಬರ್ಬನ್‌ನಂಥ ದೊಡ್ಡ ಎಸ್‌ಯುವಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತಿಸುತ್ತಾರೆ, ಇಲ್ಲವೇ ಎಷ್ಟು ಮೈಲಿ ಓಡಿದೆ ಎಂದು ಕೇಳುತ್ತಾರೆ. ಹಿಂದೆ ಟ್ರೈಲರ್ ಕಟ್ಟಿಕೊಂಡು ನಾಲ್ಕಾರು ಬೇಸಿಗೆ ಅಲೆದವರು ಹಾಗೆ ಮಾಡುವುದಿಲ್ಲ. ಚಾಲಕನ ಬಾಗಿಲು ತೆರೆದು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಾರೆ. ಬಾಗಿಲು ಮುಚ್ಚಿದರೆ ಮರೆಯಾಗುವ ಕಂಬದ ಮೇಲೆ ಅಂಗೈಯಗಲದ ಚೀಟಿಯೊಂದು ಅಂಟಿರುತ್ತದೆ. ಟೈರಿನ ಅಳತೆ, ಗಾಳಿಯ ಒತ್ತಡ, ಎಷ್ಟು ಸೀಟು ಎಂಬ ವಿವರ. ನಡುವೆ ಹಳದಿ ಪಟ್ಟಿಯ ಒಂದು ಸಾಲು. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಕೂಡದು ಎಂದು ಆ ಸಾಲು ಹೇಳುತ್ತದೆ.

ಒಂದೇ ವರ್ಷದ, ಒಂದೇ ಹೆಸರಿನ ಎರಡು ಗಾಡಿಗಳಲ್ಲಿ ಈ ಸಂಖ್ಯೆ ಒಂದೇ ಇರಬೇಕೆಂದಿಲ್ಲ. ಸನ್‌ರೂಫ್, ದೊಡ್ಡ ಚಕ್ರ, ನಾಲ್ಕು ಚಕ್ರದ ಚಾಲನೆ, ಗುಂಡಿ ಒತ್ತಿದರೆ ಮಡಚಿಕೊಳ್ಳುವ ಸೀಟು, ಎಲ್ಲವೂ ತಮ್ಮ ತಮ್ಮ ಪಾಲಿನ ತೂಕವನ್ನು ಈ ಸಂಖ್ಯೆಯಿಂದಲೇ ಕಿತ್ತುಕೊಳ್ಳುತ್ತವೆ. ಸಾಲಿನಲ್ಲಿ ಅತಿ ದುಬಾರಿಯಾದ ಮಾದರಿ ಅತಿ ಕಡಿಮೆ ಹೊರುವುದೂ ಉಂಟು. ಚರ್ಮದ ಸೀಟಿಗೆ ಮನಸೋಲುವ ಮುನ್ನ ಕೊಳ್ಳುವವರು ತಿಳಿಯಬೇಕಾದ ಮೊದಲ ಸಂಗತಿ ಇದು.

ಟ್ರೈಲರ್ ಎಳೆಯಲು ಪಿಕಪ್ ಟ್ರಕ್ ಇರುವಾಗ ದೊಡ್ಡ ಎಸ್‌ಯುವಿ ಯಾಕೆ ಎಂದು ಕೇಳುವವರಿದ್ದಾರೆ. ಉತ್ತರ ಮೂರನೇ ಸಾಲಿನ ಸೀಟಿನಲ್ಲಿದೆ. ಡಲ್ಲಾಸ್‌ನಲ್ಲೋ ಫೀನಿಕ್ಸ್‌ನಲ್ಲೋ ನೆಲೆಸಿದ ಕನ್ನಡಿಗರ ಮನೆಗೆ ಮೈಸೂರಿನಿಂದಲೋ ಶಿವಮೊಗ್ಗದಿಂದಲೋ ಅಪ್ಪ ಅಮ್ಮ ಬರುವುದು ಬೇಸಿಗೆಯಲ್ಲಿ. ಆಗಲೇ ಮಕ್ಕಳಿಗೂ ರಜೆ. ಆರು ಜನ ಒಟ್ಟಿಗೆ ಯೆಲ್ಲೋಸ್ಟೋನ್ ನೋಡಬೇಕು, ಊಟ ಮನೆಯದ್ದೇ ಆಗಬೇಕು, ಹಿರಿಯರಿಗೆ ರಾತ್ರಿ ಶೌಚಾಲಯ ಹತ್ತಿರವಿರಬೇಕು ಎಂದರೆ ಟ್ರಾವೆಲ್ ಟ್ರೈಲರಿನಷ್ಟು ಅನುಕೂಲ ಇನ್ನೊಂದಿಲ್ಲ. ಅದರೊಳಗೆ ಒಲೆ, ಹಾಸಿಗೆ, ಸ್ನಾನದ ಮನೆ ಎಲ್ಲ ಇರುತ್ತದೆ. ಆದರೆ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಓಡುತ್ತಿರುವ ಟ್ರಾವೆಲ್ ಟ್ರೈಲರಿನಲ್ಲಿ ಜನ ಕೂರುವಂತಿಲ್ಲ. ಆರೂ ಜನ ಎಳೆಯುವ ಗಾಡಿಯಲ್ಲೇ ಕೂರಬೇಕು. ಅದಕ್ಕೇ ಎಸ್‌ಯುವಿ ಬೇಕು. ತೂಕದ ಲೆಕ್ಕ ತಪ್ಪುವುದೂ ಅದರಿಂದಲೇ.

ಜಾಹೀರಾತಿನಲ್ಲಿ ಕಾಣುವ ಸಂಖ್ಯೆ ಬೇರೆ. ‘8,000 ಪೌಂಡ್ ಎಳೆಯುತ್ತದೆ’ ಎಂಬ ಮಾತಿನ ಹಿಂದೆ ಎಸ್‌ಎಇ ಎಂಬ ವಾಹನ ಎಂಜಿನಿಯರುಗಳ ಸಂಸ್ಥೆ ರೂಪಿಸಿದ ಜೆ2807 ಎಂಬ ಮಾನದಂಡವಿದೆ. ಅದರ ಪರೀಕ್ಷೆಗಳಿಗೆ ಮಾದರಿಯಾಗಿರುವುದು ನಿಜವಾದ ಒಂದು ರಸ್ತೆ. ಅರಿಝೋನಾದಲ್ಲಿ, ಕೊಲರಾಡೊ ನದಿಯ ಡೇವಿಸ್ ಅಣೆಕಟ್ಟೆಯ ಬಳಿಯಿಂದ ಮೇಲೇರುವ 11.4 ಮೈಲಿಯ ದಾರಿ ಅದು. 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಏಸಿ ಪೂರ್ತಿ ಜೋರಾಗಿ ಓಡುತ್ತಿರಬೇಕು, ವೇಗ ಗಂಟೆಗೆ 40 ಮೈಲಿಗಿಂತ ಇಳಿಯಬಾರದು, ಎಂಜಿನ್ ಕುದಿಯಬಾರದು. ಕಠಿಣ ಪರೀಕ್ಷೆಯೇ, ಅನುಮಾನವಿಲ್ಲ. ಆದರೆ ಗಾಡಿಯೊಳಗೆ ಎಷ್ಟು ಜನ? ಚಾಲಕ ಮತ್ತು ಪಕ್ಕದಲ್ಲೊಬ್ಬರು, ತಲಾ 150 ಪೌಂಡ್, ಅಂದರೆ 68 ಕಿಲೋ. ಅಜ್ಜಿ, ತಾತ, ಮಕ್ಕಳು, ಅಕ್ಕಿ ಮೂಟೆ ಯಾವುದೂ ಆ ಲೆಕ್ಕದಲ್ಲಿಲ್ಲ.

ಹಳೇ ಗಾಡಿ ಕೊಳ್ಳುವವರಿಗೆ ಇದರಲ್ಲೇ ಇನ್ನೊಂದು ಸೂಕ್ಷ್ಮವಿದೆ. ಈ ಮಾನದಂಡವನ್ನು ಮೊದಲು ಒಪ್ಪಿಕೊಂಡದ್ದು ಟೊಯೊಟಾ, 2011ರ ಮಾದರಿಗಳಿಂದ. ಉಳಿದ ದೊಡ್ಡ ಕಂಪನಿಗಳು ಒಂದೊಂದಾಗಿ ಬರುವಷ್ಟರಲ್ಲಿ 2015 ಆಗಿತ್ತು. ಅದಕ್ಕೂ ಹಿಂದಿನ ಗಾಡಿಗಳ ಸಂಖ್ಯೆಗಳು ಆಯಾ ಕಂಪನಿ ತನ್ನದೇ ಅಳತೆಗೋಲಿನಲ್ಲಿ ಅಳೆದವು. 2009ರ ಗಾಡಿಯೊಂದರ ಸಂಖ್ಯೆಯನ್ನು 2017ರದ್ದರ ಪಕ್ಕದಲ್ಲಿಟ್ಟು ತೂಗಿ ನೋಡಿದರೆ ಲೆಕ್ಕ ಹೊಂದುವುದಿಲ್ಲ.

ಭಾರವನ್ನು ಹದವಾಗಿ ಹೇರುವ ವಿದ್ಯೆ ಎತ್ತಿನ ಗಾಡಿ ಹೂಡಿದವರಿಗೆ ಹೊಸದಲ್ಲ. ಹುಲ್ಲು ಹೇರುವಾಗ ಭಾರ ಹಿಂದಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳು ಹಿಡಿಯುತ್ತದೆ, ಮುಂದಾದರೆ ನೊಗ ಹೆಗಲು ಒತ್ತುತ್ತದೆ. ಮೂಕಿ ಹದವಾಗಿ ಕೂರಬೇಕು. ಟ್ರೈಲರಿನದ್ದೂ ಅದೇ ಹದ. ಅದರ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಮುಂಭಾಗದ ಕೊಂಡಿಯ ಮೇಲೆ ಬರಬೇಕು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೈಲರ್ ಬಾಲದಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ, ಹಿಡಿತಕ್ಕೆ ತರುವುದು ಕಷ್ಟ. ಅಮೆರಿಕನ್ನರು ಟಂಗ್ ವೇಯ್ಟ್ ಎನ್ನುವ ಇದನ್ನು ಮೂಕಿಭಾರ ಎಂದರೆ ನಮಗೆ ಬೇಗ ಅರ್ಥವಾಗುತ್ತದೆ. ಈ ಮೂಕಿಭಾರ ಬೀಳುವುದು ಎಳೆಯುವ ಗಾಡಿಯ ಬೆನ್ನಿನ ಮೇಲೆ. ಬಾಗಿಲಂಚಿನ ಚೀಟಿಯಲ್ಲಿರುವ ಸಂಖ್ಯೆಯಿಂದ ಅದನ್ನೂ ಕಳೆಯಬೇಕು.

ಕಳೆದು ನೋಡೋಣ. ತುಂಬಿಸಿದಾಗ 7,000 ಪೌಂಡ್, ಅಂದರೆ ಸುಮಾರು 3,175 ಕಿಲೋ ತೂಗುವ ಟ್ರೈಲರ್. ಅಡುಗೆಮನೆ, ಎರಡು ಕಡೆ ಮಲಗುವ ಜಾಗ ಇರುವ ಕುಟುಂಬದ ಟ್ರೈಲರಿಗೆ ಇದು ಸಹಜ ತೂಕ. ನೂರಕ್ಕೆ 13ರಂತೆ ಮೂಕಿಭಾರ 910 ಪೌಂಡ್. ತೂಕ ಹಂಚುವ ಹಿಚ್‌ನದ್ದೇ 90. ಟ್ರೈಲರನ್ನು ಗಾಡಿಗೆ ಜೋಡಿಸುವ ಸಾಧನ ಅದು. ಅಲ್ಲಿಗೆ ಒಂದು ಸಾವಿರ. ಗಂಡ 170, ಹೆಂಡತಿ 140, ತಾತ 150, ಅಜ್ಜಿ 130, ಮಕ್ಕಳಿಬ್ಬರು ಸೇರಿ 140, ಒಟ್ಟು 730. ಚೀಟಿಯಲ್ಲಿ 1,550 ಎಂದಿದ್ದರೆ, ಇನ್ನೂ ಒಂದು ಚೀಲ ಇಡುವ ಮೊದಲೇ 180 ಪೌಂಡ್ ಮೀರಿಯಾಯಿತು. ಜಾಹೀರಾತಿನ 8,000ದಲ್ಲಿ ಮಾತ್ರ ಇನ್ನೂ ಒಂದು ಸಾವಿರ ಉಳಿದೇ ಇದೆ!

ತೂಕ ಹಂಚುವ ಹಿಚ್ ಸರಿಯಾಗಿ ಬಿಗಿದರೆ ಮೂಕಿಭಾರದ ಒಂದು ಪಾಲು ಗಾಡಿಯ ಮುಂದಿನ ಚಕ್ರಗಳಿಗೂ ಇನ್ನೊಂದು ಪಾಲು ಟ್ರೈಲರಿನ ಚಕ್ರಗಳಿಗೂ ಹೋಗುತ್ತದೆ, ನಿಜ. ಅದನ್ನು ನೆಚ್ಚಿ ಲೆಕ್ಕ ಸಡಿಲಿಸುವುದು ಜಾಣತನವಲ್ಲ. ಏಕೆಂದರೆ ಆಚೆ ಕಡೆಯೂ ತೂಕ ಏರುತ್ತಿರುತ್ತದೆ. ಟ್ರೈಲರಿನ ಕಂಪನಿ ಹೇಳುವುದು ಒಣ ತೂಕ. ಒಂದು ಗ್ಯಾಲನ್ ನೀರಿಗೆ 8.34 ಪೌಂಡ್, 40 ಗ್ಯಾಲನ್ನಿನ ಟ್ಯಾಂಕ್ ತುಂಬಿದರೆ 330ಕ್ಕೂ ಮೇಲೆ. ಗ್ಯಾಸ್ ಸಿಲಿಂಡರುಗಳು, ಬ್ಯಾಟರಿ ಎರಡೂ ಸಾಮಾನ್ಯವಾಗಿ ಕೂರುವುದು ನೇರ ಮೂಕಿಯ ಮೇಲೇ.

ಈಗ ಗಾಡಿಗಳ ಕಡೆಗೆ. ಸಬರ್ಬನ್ ಎಂಬ ಹೆಸರು 1935ರಿಂದ ಚಾಲ್ತಿಯಲ್ಲಿದೆ. ಮಾರುಕಟ್ಟೆಯಲ್ಲಿ ಹೇರಳವಾಗಿ ಸಿಗುತ್ತದೆ. 2015ರಿಂದ 2020ರವರೆಗಿನ ಸಬರ್ಬನ್‌ನ ವೀಲ್‌ಬೇಸ್ 130 ಇಂಚು, ಅದರ ತಮ್ಮ ತಾಹೋದ್ದು 116. ಈ 14 ಇಂಚಿನ ಬೆಲೆ ಪಕ್ಕದಲ್ಲಿ ಹದಿನೆಂಟು ಚಕ್ರದ ಲಾರಿ ಹಾದುಹೋದಾಗ ಗೊತ್ತಾಗುತ್ತದೆ. ಉದ್ದದ ಗಾಡಿಯನ್ನು ಟ್ರೈಲರ್ ಅಷ್ಟು ಸುಲಭವಾಗಿ ಅಲುಗಾಡಿಸಲಾರದು. ಆದರೆ ಈ ಪೀಳಿಗೆಯಲ್ಲಿ ಕಣ್ಣಿಗೆ ಕಾಣದ ಒಂದು ವ್ಯತ್ಯಾಸವಿದೆ. ಗ್ಲೋವ್ ಬಾಕ್ಸ್ ತೆರೆದರೆ ಮೂರು ಮೂರು ಅಕ್ಷರಗಳ ಸಂಕೇತಗಳು ಒತ್ತೊತ್ತಾಗಿ ಅಚ್ಚಾದ ಚೀಟಿಯೊಂದು ಸಿಗುತ್ತದೆ. ಕೊನೆಯ ವರ್ಷಗಳ ಗಾಡಿಗಳಲ್ಲಿ ಅದು ಸ್ಕ್ಯಾನ್ ಮಾಡುವ ಚೌಕವಾಗಿದೆ. ಅದರಲ್ಲಿ ಜಿಯು4 ಇದ್ದರೆ ಹಿಂದಿನ ಆಕ್ಸಲ್‌ನ ಅನುಪಾತ 3.08, ಜಿಯು6 ಇದ್ದರೆ 3.42. ಮೊದಲನೆಯದು ಪೆಟ್ರೋಲ್ ಉಳಿಸಲು, ಎರಡನೆಯದು ಎಳೆಯಲು. ಎನ್‌ಎಚ್‌ಟಿ ಎಂಬ ಮೂರಕ್ಷರವೂ ಇದ್ದರೆ ಕಾರ್ಖಾನೆಯಲ್ಲೇ ಹೆಚ್ಚಿನ ಎಳೆತಕ್ಕೆ ಸಜ್ಜಾದ ಗಾಡಿ. ಬಣ್ಣ, ಎಂಜಿನ್, ಚಕ್ರ ಎಲ್ಲ ಒಂದೇ ಇರುವ ಎರಡು ಗಾಡಿಗಳ ನಡುವೆ ಆಕ್ಸಲ್‌ನ ಒಂದು ಸಂಕೇತದಿಂದ ಎಳೆತದಲ್ಲಿ ಸುಮಾರು 2,000 ಪೌಂಡ್ ಅಂತರ ಬರುತ್ತದೆ. ಹಿಂಬದಿಯಲ್ಲಿ ಹಿಚ್ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡು ಕೊಂಡವರು ಮೊದಲ ಏರಿನಲ್ಲೇ ಇದನ್ನು ಕಲಿಯುತ್ತಾರೆ.

ಇದರ 5.3 ಲೀಟರ್ ವಿ8 ಎಂಜಿನ್ ಗಟ್ಟಿಮುಟ್ಟಾದದ್ದೇ. ಇಂಧನ ಉಳಿಸಲು ಅರ್ಧ ಸಿಲಿಂಡರುಗಳನ್ನು ಮಲಗಿಸುವ ವ್ಯವಸ್ಥೆ ಮಾತ್ರ ಅದರ ದುರ್ಬಲ ಅಂಗ. ಲಿಫ್ಟರುಗಳು ಕೆಡುವುದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ದೂರು. ಎಂಜಿನ್ ಸದ್ದಿನ ನಡುವೆ ಟಿಕ್ ಟಿಕ್ ಎಂಬ ತಾಳ ಕೇಳಿದರೆ ಮುಂದಿನ ಗಾಡಿ ನೋಡುವುದು ಲೇಸು. 2021ರಿಂದ 2024ರವರೆಗಿನ 6.2 ಲೀಟರಿನದ್ದು ಬೇರೆಯೇ ಕತೆ. ಕ್ರ್ಯಾಂಕ್‌ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡ್ ದೋಷಕ್ಕಾಗಿ 2025ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲೇ ಸುಮಾರು 6 ಲಕ್ಷ ಗಾಡಿಗಳನ್ನು ಕಂಪನಿ ವಾಪಸು ಕರೆಸಿತು. ಅಂಥ ಗಾಡಿಯ ಮುಂದೆ ನಿಂತವರು ಅದರ ವಿಐಎನ್ ಸಂಖ್ಯೆಯನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಹಾಕಿ ರಿಪೇರಿ ಆಗಿದೆಯೇ ಎಂದು ಅಲ್ಲೇ ನೋಡಬಹುದು. ಕಾಸು ಖರ್ಚಿಲ್ಲ.

ಟೊಯೊಟಾ ಸಿಕ್ವೋಯಾ ಎಂದರೆ ಕನ್ನಡಿಗರ ಮನೆಗಳಲ್ಲಿ ಕೂಡಲೇ ನಂಬಿಕೆ. 2008ರಿಂದ 2022ರವರೆಗಿನ ಎರಡನೇ ಪೀಳಿಗೆಯ 5.7 ಲೀಟರ್ ವಿ8 ಆ ನಂಬಿಕೆಗೆ ತಕ್ಕುದೇ: 381 ಅಶ್ವಶಕ್ತಿ, ಟರ್ಬೊ ಇಲ್ಲದ ಸರಳ ಎಂಜಿನ್. ಜೆ2807ರ ಪ್ರಕಾರ ಎಳೆತ 7,000ರಿಂದ 7,400 ಪೌಂಡ್. ಪೆಟ್ರೋಲ್ ಮಾತ್ರ ಕುಡಿಯುತ್ತದೆ. ಖಾಲಿ ಓಡಿದರೂ ನಗರದಲ್ಲಿ ಗ್ಯಾಲನ್ನಿಗೆ 13 ಮೈಲಿ. ಹಳೆಯದನ್ನು ನೋಡುವಾಗ ಕೆಳಗೆ ಮಲಗಿ ಚಾಸಿಯನ್ನು ಟಾರ್ಚ್ ಹಾಕಿ ನೋಡಲೇಬೇಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಶಿಗನ್, ಓಹಾಯೊ ಕಡೆಯ ಗಾಡಿಗಳಿಗೆ ತುಕ್ಕು ದೊಡ್ಡ ಶತ್ರು. 2005ರಿಂದ 2008ರವರೆಗಿನ ಸಿಕ್ವೋಯಾಗಳ ಚಾಸಿಯೂ ಸೇರಿದಂತೆ ತುಕ್ಕಿನ ಮೊಕದ್ದಮೆಯೊಂದರಲ್ಲಿ ಟೊಯೊಟಾ 2016ರಲ್ಲಿ ರಾಜಿಗೆ ಒಪ್ಪಿತ್ತು. ಕೊಂಡಿ ಹಿಡಿದಿರುವುದು ಆ ಚಾಸಿಯನ್ನೇ ಎಂಬುದನ್ನು ನೆನೆದರೆ ಅಂಗಿ ಕೊಳೆಯಾಗುವುದು ದೊಡ್ಡದಲ್ಲ.

ಸಿಕ್ವೋಯಾದ ನಿಜವಾದ ಮಿತಿ ಬೆಟ್ಟದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ನೂರಕ್ಕೆ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೊದ ಐಸೆನ್‌ಹೋವರ್ ಸುರಂಗ ಇರುವುದು 11,000 ಅಡಿ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸಾವಿರಾರು ಅಡಿ ಮೇಲೆ. ಅಲ್ಲಿ 381 ಇದ್ದದ್ದು 250ರ ಆಸುಪಾಸಿಗೆ ಇಳಿಯುತ್ತದೆ. ರಾಕಿ ಪರ್ವತದ ಕಡೆಗೇ ಹೆಚ್ಚು ಓಡಾಡುವವರಿಗೆ ಫೋರ್ಡ್ ಎಕ್ಸ್‌ಪಿಡಿಷನ್ ಮೇಲು. 2018ರಲ್ಲಿ ಬಂದ ಪೀಳಿಗೆಯ 3.5 ಲೀಟರ್ ವಿ6ಗೆ ಎರಡು ಟರ್ಬೊ. ತೆಳುಗಾಳಿಯಲ್ಲೂ ಅದು ಉಸಿರು ಕಟ್ಟುವುದಿಲ್ಲ. ಹೆವಿ ಡ್ಯೂಟಿ ಟೋ ಪ್ಯಾಕೇಜ್ ಇದ್ದರೆ 9,300 ಪೌಂಡಿನವರೆಗೆ, ಉದ್ದನೆಯ ಮ್ಯಾಕ್ಸ್ ಮಾದರಿಯಲ್ಲಿ 9,000. ಆ ಪ್ಯಾಕೇಜ್ ಜತೆಗೆ ದೊಡ್ಡ ರೇಡಿಯೇಟರ್, ಟ್ರೈಲರ್ ಬ್ರೇಕಿನ ನಿಯಂತ್ರಕ ಬರುತ್ತವೆ. ಆರು ಜನರಿಗೆ, 7,000 ಪೌಂಡಿನ ಆಚೀಚೆಯ ಟ್ರೈಲರಿಗೆ ಈ ಅಂಕಣದ ಮೊದಲ ಮತ ಎಕ್ಸ್‌ಪಿಡಿಷನ್ ಮ್ಯಾಕ್ಸ್‌ಗೇ. ಅದೂ ಚೀಟಿ ಓದಿದ ಮೇಲೆ.

ಎಕ್ಸ್‌ಪಿಡಿಷನ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಮಾರುವವರಿಗೆ ಫೋನಿನಲ್ಲೇ ‘ನಾವು ಬರುವ ಮುನ್ನ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿಟ್ಟು, ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಬೇಕು. ಬೆಚ್ಚಗಿದ್ದರೆ ಇನ್ನೊಂದು ಬೆಳಗ್ಗೆ ಬರುವುದು ಒಳ್ಳೆಯದು. ರಾತ್ರಿಯಿಡೀ ತಣ್ಣಗೆ ನಿಂತ ಈ ವಿ6 ಎದ್ದಾಗ ಮೊದಲ ಎರಡು ಮೂರು ಸೆಕೆಂಡು ಮಾತ್ರ ಕೇಳುವ ಕರಕರ ಸದ್ದು ಕ್ಯಾಮ್ ಫೇಸರುಗಳು ಸವೆದಿರುವ ಗುರುತು. ಬಿಸಿ ಎಂಜಿನ್ ಅದನ್ನು ಬಚ್ಚಿಡುತ್ತದೆ.

ನಿಸಾನ್ ಅರ್ಮಾಡಾ 2017ರಿಂದೀಚೆಗೆ 8,500 ಪೌಂಡ್ ಎಳೆಯುತ್ತದೆ, ಬಳಸಿದ್ದು ಅಗ್ಗಕ್ಕೂ ಸಿಗುತ್ತದೆ. ವೀಲ್‌ಬೇಸ್ ಗಿಡ್ಡವಾದ್ದರಿಂದ ಉದ್ದದ ಟ್ರೈಲರಿಗೆ ಒಗ್ಗದು. ಟ್ರೈಲರ್ 8,000 ಪೌಂಡ್ ದಾಟಿದರೆ ಉಳಿಯುವ ದಾರಿ ಕಡಿಮೆ. 2013ಕ್ಕೆ ನಿಂತುಹೋದ ಸಬರ್ಬನ್ 2500, ಇಲ್ಲವೇ 2000ದಿಂದ 2005ರವರೆಗೆ ಬಂದ ಫೋರ್ಡ್ ಎಕ್ಸ್‌ಕರ್ಷನ್. ಭಾರೀ ಟ್ರಕ್ಕಿನ ಚಾಸಿ, ಹಿಂದೆ ಲಾರಿಯಂತೆ ಪಟ್ಟಾ ಸ್ಪ್ರಿಂಗ್. ಬಲ್ಲವರು ಈಗಲೂ ಹುಡುಕಿಕೊಂಡು ಹೋಗುವ ಗಾಡಿಗಳು ಇವು. ಎಕ್ಸ್‌ಕರ್ಷನ್‌ನಲ್ಲಿ 7.3 ಲೀಟರ್ ಡೀಸೆಲ್ ಸಿಕ್ಕರೆ ಬಿಡಬಾರದು, ಅದರ ನಂತರ ಬಂದ 6.0 ಲೀಟರಿನದ್ದನ್ನು ಪರಿಚಯದ ಮೆಕ್ಯಾನಿಕ್ ಇಲ್ಲದೆ ಮುಟ್ಟಬಾರದು.

ಯಾವ ಗಾಡಿಯಾದರೂ ಅದು ಹಿಂದೆ ಏನನ್ನು ಎಳೆದಿದೆ ಎಂದು ಬೆನ್ನೇ ಹೇಳುತ್ತದೆ. ಕೊಂಡಿ ತೂರಿಸುವ ಚೌಕದ ಒಳಗೋಡೆ ಉಜ್ಜಿ ಹೊಳೆಯುತ್ತಿದೆಯೇ, ಪಿನ್ ಹಾಕುವ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದೆಯೇ, ಏಳು ಪಿನ್ನಿನ ಪ್ಲಗ್‌ನಲ್ಲಿ ಹಸಿರು ಕಿಲುಬು ಕಟ್ಟಿದೆಯೇ? ಎಳೆದಿದ್ದೇ ಅಪರಾಧವಲ್ಲ. ಎಳೆದೂ ಗೇರ್‌ಬಾಕ್ಸಿನ ಎಣ್ಣೆ ಬದಲಿಸದಿರುವುದು ಅಪರಾಧ. ಕೆಂಪಗಿರಬೇಕಾದ ಆ ಎಣ್ಣೆ ಕಂದಾಗಿ ಸುಟ್ಟ ವಾಸನೆ ಬಂದರೆ ಚೌಕಾಸಿ ನಿಲ್ಲಿಸಬಹುದು. ಟೈರಿನ ಪಕ್ಕದಲ್ಲಿ ಡಾಟ್ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಅದರ ಜಾತಕ: 2319 ಎಂದರೆ 2019ರ 23ನೇ ವಾರ ಹುಟ್ಟಿದ್ದು. ಹಲ್ಲು ಚೆನ್ನಾಗಿದ್ದರೂ ಅಷ್ಟು ಹಳೆಯ ಟೈರಿನ ಮೇಲೆ ಆರು ಜನರನ್ನು ಕೂರಿಸಿ ಟ್ರೈಲರ್ ಎಳೆಯುವುದು ಬೇಡ.

ಓಡಿಸಿ ನೋಡುವಾಗ ಏರಿಗಿಂತ ಇಳಿಜಾರು ಮುಖ್ಯ. ಶಿರಾಡಿ ಘಾಟಿಯ ಲಾರಿ ಚಾಲಕರು ಹತ್ತಿದ ಗೇರಿನಲ್ಲೇ ಇಳಿಯಬೇಕು ಎನ್ನುತ್ತಾರೆ. ಭಾರ ಎಳೆಯುವಾಗ ಒತ್ತುವ ಟೋ ಹಾಲ್ ಗುಂಡಿ ಮಾಡುವುದು ಅದನ್ನೇ. ಬ್ರೇಕ್ ತುಸು ಒತ್ತಿದೊಡನೆ ಗಾಡಿ ತಾನಾಗಿ ಗೇರ್ ಇಳಿಸಿ ಎಂಜಿನ್ನಿನಿಂದ ವೇಗ ಹಿಡಿಯಬೇಕು. ಹಿಡಿಯದಿದ್ದರೆ ಗೇರ್‌ಬಾಕ್ಸನ್ನು ಪರೀಕ್ಷೆ ಮಾಡಿಸದೆ ಮುಂದಿನ ಮಾತಿಲ್ಲ.

ಇಷ್ಟಕ್ಕೆಲ್ಲ ಮುನ್ನ, ಇನ್ನೂರು ಮೈಲಿ ದೂರದ ಗಾಡಿಗಾಗಿ ಶನಿವಾರ ಕಳೆಯುವ ಬದಲು, ಮಾರುವವರಿಂದ ಬಾಗಿಲಂಚಿನ ಚೀಟಿಯ ಫೋಟೊ ತರಿಸಿಕೊಂಡರೆ ನಾವು ಮನೆಯಲ್ಲಿ ಕೂತಿರುವಾಗಲೇ ಅರ್ಧ ಗಾಡಿಗಳು ಪಟ್ಟಿಯಿಂದ ಬಿದ್ದುಹೋಗುತ್ತವೆ. ಕೊಂಡ ಮೇಲೆ ಮೊದಲ ಪ್ರವಾಸ ಹೊರಡುವ ದಿನ, ಅಜ್ಜಿ ತಾತನನ್ನೂ ಕುಕ್ಕರನ್ನೂ ಹತ್ತಿಸಿಕೊಂಡು, ಹೆದ್ದಾರಿಯ ಟ್ರಕ್ ಸ್ಟಾಪಿನಲ್ಲಿರುವ ಕ್ಯಾಟ್ ಸ್ಕೇಲ್ ವೇಬ್ರಿಡ್ಜ್ ಮೇಲೆ ಒಮ್ಮೆ ನಿಲ್ಲಿಸಬೇಕು. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್, ಮೂರೂ ಬೇರೆ ಬೇರೆ ತೂಗಿ ರಸೀದಿ ಕೊಡುತ್ತಾರೆ. ಹಿಂದಿನ ಆಕ್ಸಲ್ ಮಿತಿ ಮೀರಿದ್ದರೆ ಗಾಡಿಯ ಡಿಕ್ಕಿಯಲ್ಲಿರುವ ಸಾಮಾನನ್ನು ಟ್ರೈಲರಿನ ಚಕ್ರಗಳ ಮೇಲಕ್ಕೆ ಸಾಗಿಸಿ, ಹಿಚ್‌ನ ಸರಪಳಿಯನ್ನು ಇನ್ನೊಂದು ಕೊಂಡಿಯಷ್ಟು ಬಿಗಿದು, ಸರದಿಯಲ್ಲಿ ಮತ್ತೆ ನಿಂತು ಎರಡನೇ ಸಲ ತೂಗಿಸಿಕೊಳ್ಳುತ್ತಾರೆ.