‘ಶ್ರೀ’ ಪದ್ಧತಿ ಮತ್ತು ಹೋಲಿಕೆಯ ಪ್ರಶ್ನೆ: ಭತ್ತದ ಸಂಶೋಧನಾ ಬರಹದ ಒಂದು ವಿಮರ್ಶೆ

ಬೆಳೆ, ಮಳೆ, ನೀರುಗಳನ್ನು ಕುರಿತ ಶಾಸ್ತ್ರರಚನೆ ಕನ್ನಡಕ್ಕೆ ಹೊಸದಲ್ಲ. ಹನ್ನೊಂದನೆಯ ಶತಮಾನದ ‘ಲೋಕೋಪಕಾರ’ದಲ್ಲಿಯೇ ಇಮ್ಮಡಿ ಚಾವುಂಡರಾಯನು ಮಳೆಯ ಲಕ್ಷಣ, ಜಲಶೋಧನೆ, ವೃಕ್ಷಾಯುರ್ವೇದಗಳನ್ನು ನಿರೂಪಿಸಿದ್ದಾನೆ. ಆದರೆ ಕಾವ್ಯಕ್ಕೆ ಒದಗಿದಷ್ಟು ವಿಮರ್ಶೆ ಶಾಸ್ತ್ರಗದ್ಯಕ್ಕೆ ಒದಗಲಿಲ್ಲ. ಕೃಷಿಸಂಶೋಧನೆಯ ಫಲಿತಗಳು ಕನ್ನಡಕ್ಕೆ ಬರುವಾಗ ಏನನ್ನು ಕಳೆದುಕೊಳ್ಳುತ್ತವೆ ಎಂಬುದನ್ನು ‘ಶ್ರೀ’ ಪದ್ಧತಿಯ ಭತ್ತದ ಬೇಸಾಯವನ್ನು ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಮೊದಲು ಹೆಸರನ್ನೇ ನೋಡಬಹುದು. ಭತ್ತದ ಬೇಸಾಯದ ತೀವ್ರೀಕರಣವನ್ನು ಸೂಚಿಸುವ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಾದ ಎಸ್.ಆರ್.ಐ. ಎಂಬವು ನಮ್ಮಲ್ಲಿ ಕೂಡಿ ‘ಶ್ರೀ’ ಆದವು. ಪರೀಕ್ಷೆಗೆ ಒಳಗಾಗಬೇಕಾದ ಒಂದು ವಿಧಾನಕ್ಕೆ ಪರೀಕ್ಷೆಗೆ ಮೊದಲೇ ಮಂಗಳವಾಚಕವೊಂದು ದೊರೆಯಿತು. ಇದು ಆಕಸ್ಮಿಕವಾದರೂ ಓದುಗನ ಮನಸ್ಸಿನ ಮೇಲೆ ಇದರ ಪ್ರಭಾವ ಅಲ್ಪವಲ್ಲ.

ಈ ಪದ್ಧತಿಯ ಮೂಲ ಮಡಗಾಸ್ಕರ್ ದ್ವೀಪ. ಅಲ್ಲಿ ನೆಲೆಸಿದ್ದ ಫ್ರೆಂಚ್ ಜೆಸ್ವಿಟ್ ಪಾದ್ರಿ ಆನ್ರಿ ದ ಲೊಲಾನಿಯೆ 1983ರ ಸುಮಾರಿಗೆ ಇದನ್ನು ರೂಪಿಸಿದರು. ಹದಿನೈದು ದಿನಕ್ಕಿಂತ ಎಳೆಯದಾದ ಸಸಿ, ಗುಣಿಗೊಂದೇ ಪೈರು, 25 ಸೆಂಟಿಮೀಟರಿನ ಚೌಕ ಅಂತರ, ನೀರನ್ನು ನಿಲ್ಲಿಸದೆ ಹಾಯಿಸಿ ಆರಿಸುವ ಕ್ರಮ, ಪದೇ ಪದೇ ಮಣ್ಣನ್ನು ಕೆದಕುವ ಕಳೆಯಂತ್ರ, ಇವು ಅದರ ಅಂಗಗಳು. ಗೊಬ್ಬರದ ವಿಚಾರದಲ್ಲಿ ಮಾತ್ರ ಎರಡು ಪಾಠಗಳಿವೆ. ಆರಂಭದ ಪ್ರಯೋಗಗಳಲ್ಲಿ ರಾಸಾಯನಿಕ ಗೊಬ್ಬರವನ್ನೇ ಬಳಸಲಾಗಿತ್ತು. 1980ರ ದಶಕದ ಕೊನೆಯಲ್ಲಿ ಸಹಾಯಧನ ನಿಂತು ಬೆಲೆ ಏರಿದ ಮೇಲೆ ಕಾಂಪೋಸ್ಟು ಆ ಸ್ಥಾನಕ್ಕೆ ಬಂದಿತು. ಸಾವಯವವೇ ಈ ಪದ್ಧತಿಯ ಮೂಲತತ್ತ್ವವೆಂದು ಪ್ರತಿಪಾದಿಸುವವರು ಉತ್ತರಕಾಲದ ಪಾಠವನ್ನು ಮೂಲಪಾಠವೆಂದು ಭಾವಿಸಿದ್ದಾರೆ. ಹಸ್ತಪ್ರತಿಗಳೊಡನೆ ವ್ಯವಹರಿಸುವವರಿಗೆ ಇದು ಪರಿಚಿತ ದೋಷ.

ಕಾರ್ನೆಲ್ ವಿಶ್ವವಿದ್ಯಾಲಯದ ನಾರ್ಮನ್ ಅಪ್‌ಹಾಫ್ ಅವರು ಈ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿದರು. ಮಡಗಾಸ್ಕರಿನಲ್ಲಿ ಹೆಕ್ಟೇರಿಗೆ 2 ಟನ್ ಇದ್ದ ಇಳುವರಿ 8 ಟನ್ನಿಗೆ ಏರಿತೆಂಬ ವರದಿ ಪ್ರಸಿದ್ಧವಾಯಿತು. ಶೀಹಿ ಮತ್ತು ಸಂಗಡಿಗರು ಚೀನದ ಮೂರು ನೆಲೆಗಳಲ್ಲಿ ಪರೀಕ್ಷಿಸಿ, ಈ ಪದ್ಧತಿಗೆ ಸಹಜವಾದ ಹೆಚ್ಚುಗಾರಿಕೆಯೇನೂ ಇಲ್ಲವೆಂದು 2004ರಲ್ಲಿ ತೀರ್ಮಾನಿಸಿದರು. 2006ರಲ್ಲಿ ಕಾರ್ನೆಲ್‌ನವರೇ ಆದ ಮೆಕ್‌ಡೊನಾಲ್ಡ್, ಹಾಬ್ಸ್ ಮತ್ತು ರಿಹಾ ಅವರು ಪ್ರಕಟವಾದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಮಡಗಾಸ್ಕರಿನ ಹೊರಗಿನ 35 ದಾಖಲೆಗಳಲ್ಲಿ 24ರಲ್ಲಿ ‘ಶ್ರೀ’ಯ ಇಳುವರಿಯೇ ಕಡಿಮೆಯಿತ್ತು, ಸರಾಸರಿ ಇಳಿಕೆ ಶೇಕಡಾ 11. ಆ ಪ್ರಯೋಗಗಳಲ್ಲಿ ಪದ್ಧತಿಯ ಎಲ್ಲ ಅಂಗಗಳೂ ಪಾಲನೆಯಾಗಿರಲಿಲ್ಲವೆಂದು ಅಪ್‌ಹಾಫ್ ಮತ್ತು ಸಂಗಡಿಗರು 2008ರಲ್ಲಿ ಆಕ್ಷೇಪಿಸಿದರು.

ಈ ವಾದದ ಮರ್ಮವಿರುವುದು ಹೋಲಿಕೆಯಲ್ಲಿ. ಸಮರ್ಥಕರು ಬಹುಮಟ್ಟಿಗೆ ರೈತನ ರೂಢಿಯ ಬೇಸಾಯದೊಡನೆ ಹೋಲಿಸಿದರೆ, ಆಕ್ಷೇಪಕರು ಸಂಶೋಧನಾ ಕೇಂದ್ರದ ಅತ್ಯುತ್ತಮ ನಿರ್ವಹಣೆಯೊಡನೆ ಹೋಲಿಸಿದರು. ಉಪಮೇಯ ಒಂದೇ, ಉಪಮಾನ ಬೇರೆ; ಆದುದರಿಂದ ಎರಡೂ ಪಕ್ಷಗಳ ಅಂಕಿಗಳು ತಮ್ಮ ತಮ್ಮ ನೆಲೆಯಲ್ಲಿ ನಿಲ್ಲಬಹುದು. ಕನ್ನಡದ ಬರಹಗಳಲ್ಲಿ ಈ ಭೇದ ಪೂರ್ಣವಾಗಿ ಅಳಿಸಿಹೋಗುತ್ತದೆ. ‘ಸಾಂಪ್ರದಾಯಿಕ ಪದ್ಧತಿ’ ಎಂಬ ಒಂದೇ ಮಾತು ರಾಸಾಯನಿಕ ಗೊಬ್ಬರಕ್ಕೆ ಹಿಂದಿನ ಬೇಸಾಯಕ್ಕೂ, ಇಂದಿನ ರೈತನ ರೂಢಿಗೂ, ಇಲಾಖೆಯ ಶಿಫಾರಸಿಗೂ ಸಲ್ಲುತ್ತಿದೆ. ‘ಇಳುವರಿ ಸಾಂಪ್ರದಾಯಿಕ ಪದ್ಧತಿಗಿಂತ ಹೆಚ್ಚು’ ಎಂಬ ವಾಕ್ಯ ವ್ಯಾಕರಣಶುದ್ಧವಾಗಿದ್ದೂ ಅರ್ಥಶೂನ್ಯವಾಗುವುದು ಹೀಗೆ.

ಅಳತೆಯ ಪ್ರಶ್ನೆಯೂ ಇದಕ್ಕೆ ಸೇರಿದ್ದು. ಇಂಗ್ಲಿಷಿನ ‘ರೈಸ್’ ಗದ್ದೆಯ ಪೈರಿನಿಂದ ತಟ್ಟೆಯ ಅನ್ನದವರೆಗೂ ಹಬ್ಬಿದೆ. ಕನ್ನಡಕ್ಕೆ ಭತ್ತ ಬೇರೆ, ಅಕ್ಕಿ ಬೇರೆ, ಅನ್ನ ಬೇರೆ. ಭತ್ತದ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಮಾತ್ರ ಅಕ್ಕಿ. ಹೀಗಿದ್ದೂ ‘ಅಕ್ಕಿಯ ಇಳುವರಿ’ ಎಂದು ಅನುವಾದಿಸುವ ಬರಹಗಳು ಕನ್ನಡವೇ ಕೊಟ್ಟ ನಿಖರತೆಯನ್ನು ಕೈಬಿಡುತ್ತವೆ. ಕೊಯ್ದೊಡನೆಯ ಹಸಿ ತೂಕಕ್ಕೂ ಒಣಗಿಸಿದ ತೂಕಕ್ಕೂ ವ್ಯತ್ಯಾಸವಿರುವುದರಿಂದಲೇ ಸಂಶೋಧಕರು ಶೇಕಡಾ 14ರ ತೇವಾಂಶಕ್ಕೆ ಲೆಕ್ಕಹಾಕಿ ಹೇಳುವುದು ವಾಡಿಕೆ. 2011ರಲ್ಲಿ ಬಿಹಾರದ ನಾಲಂದಾ ಜಿಲ್ಲೆಯಿಂದ ಹೆಕ್ಟೇರಿಗೆ 22.4 ಟನ್ನಿನ ದಾಖಲೆ ವರದಿಯಾದಾಗ ಚೀನದ ಸಂಕರಭತ್ತದ ತಜ್ಞ ಯುವಾನ್ ಲಾಂಗ್‌ಪಿಂಗ್ ಅದನ್ನು ಬಹಿರಂಗವಾಗಿ ಅಲ್ಲಗಳೆದರು. ಇಂಥ ಅಂಕಿಯನ್ನು ಉಲ್ಲೇಖಿಸುವವರು ಆಕ್ಷೇಪವನ್ನೂ ತೂಕದ ವಿಧಾನವನ್ನೂ ಜೊತೆಗೇ ಹೇಳಬೇಕಾಗುತ್ತದೆ.

ಈ ವಿಮರ್ಶೆಯ ಉದ್ದೇಶ ಪದ್ಧತಿಯನ್ನು ಅಲ್ಲಗಳೆಯುವುದಲ್ಲ. ಹೆಕ್ಟೇರಿಗೆ ಸುಮಾರು 5 ಕಿಲೋ ಬೀಜ ಸಾಕಾಗುವುದು, ನೀರು ಉಳಿಯುವುದು ಕಾಲುವೆಯ ಕೊನೆಯಂಚಿನ ರೈತನಿಗೆ ಸಣ್ಣ ಲಾಭವಲ್ಲ. ಆದರೆ ಎಳೆಯ ಸಸಿಯನ್ನು ಒಂದೊಂದಾಗಿ ನೆಡುವ ಹೆಂಗಸರ ದುಡಿಮೆ, ಕಳೆಯಂತ್ರ ಎಳೆಯುವವನ ಬೆನ್ನಿನ ನೋವು ‘ಹೆಕ್ಟೇರಿಗೆ ಇಷ್ಟು ಟನ್’ ಎಂಬ ಮಾತಿನೊಳಗೆ ಕಾಣಿಸುವುದಿಲ್ಲ. ಗೊಬ್ಬರದ ವಿಷಯದಲ್ಲಿಯೂ ಇದೇ ಕಥೆ. 1992ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳು ಬೆಲೆನಿಯಂತ್ರಣದಿಂದ ಹೊರಬಂದರೂ ಯೂರಿಯಾ ಉಳಿದುಕೊಂಡಿತು. ಅಗ್ಗವಾದ ಯೂರಿಯಾದಿಂದ ಬಂದ ಇಳುವರಿಗೂ ಮೂರು ಪೋಷಕಗಳ ಸಮತೋಲನದಿಂದ ಬಂದ ಇಳುವರಿಗೂ ಅಂಕಿ ಒಂದೇ ಇರಬಹುದು, ಮಣ್ಣು ಉಳಿಸಿಕೊಳ್ಳುವುದು ಒಂದೇ ಅಲ್ಲ.

ಆದುದರಿಂದ ಕನ್ನಡದಲ್ಲಿ ಇಳುವರಿಯ ಅಂಕಿ ಕೊಡುವ ಪ್ರತಿಯೊಂದು ಬರಹವೂ ಮೂರು ಮಾತುಗಳಿಗೆ ಬದ್ಧವಾಗಿರಬೇಕು: ಯಾವುದಕ್ಕಿಂತ ಹೆಚ್ಚು, ಯಾವ ತೂಕದಲ್ಲಿ, ಯಾರ ಎಷ್ಟು ದುಡಿಮೆ ಮತ್ತು ಗೊಬ್ಬರದಿಂದ. ತಪ್ಪಾಗಿ ಓದಿದ ಪದ್ಯದಿಂದ ಯಾರ ಫಸಲೂ ಕೆಡುವುದಿಲ್ಲ. ತಪ್ಪಾಗಿ ಬರೆದ ಹೋಲಿಕೆಯನ್ನು ನಂಬಿ ಸಾಲ ಮಾಡಿದ ರೈತನು ಮಾತ್ರ ಅದರ ಬೆಲೆಯನ್ನು ಒಂದು ಹಂಗಾಮಿನುದ್ದಕ್ಕೂ ತೆರುತ್ತಾನೆ.