ಎರಡು ಚುಕ್ಕಿಗಳ ಲೆಕ್ಕ

ಚುಕ್ಕಿಯೊಂದು ಸ್ಥಳ ಬದಲಿಸಿದರೆ 'ಖುದಾ' 'ಜುದಾ' ಆಗುತ್ತದೆ ಎಂಬ ಮಾತು ಉರ್ದುವಿನಲ್ಲಿದೆ. ಕನ್ನಡ ಲಿಪಿಯಲ್ಲಿ ಅಚ್ಚಾಗುವ ಉರ್ದು ಕಾವ್ಯ ಓದುವಾಗ ನಮ್ಮನ್ನು ಕಾಡುವುದೂ ಇದೇ. 'ಸಜಾ' ಎಂದರೆ ಅಲಂಕೃತ, 'ಸಜ಼ಾ' ಎಂದರೆ ಶಿಕ್ಷೆ. 'ರಾಜ್' ಆಳ್ವಿಕೆ, 'ರಾಜ಼್' ಗುಟ್ಟು. ಅಡಿಯ ಎರಡು ಚುಕ್ಕಿ ಬಿಟ್ಟರೆ ಶಿಕ್ಷೆಯೇ ಶೃಂಗಾರವಾಗುತ್ತದೆ.

ಕಂಪ್ಯೂಟರಿನಲ್ಲಿ ಇಲ್ಲವೆಂಬ ನೆಪ ನಡೆಯದು. 2003ರ ಯೂನಿಕೋಡ್ 4.0 ಆವೃತ್ತಿಯಲ್ಲೇ ಕನ್ನಡಕ್ಕೆ ನುಕ್ತಾ ಸಿಕ್ಕಿದೆ. ವ್ಯಂಜನದ ನಂತರ, ಸ್ವರಚಿಹ್ನೆಗೆ ಮೊದಲು ಒತ್ತಬೇಕು, ಅಷ್ಟೆ. ಉರ್ದುವಿನ ಜ಼ಾಲ್, ಜ಼ೇ, ಜ಼್ವಾದ್, ಜ಼ೋಯ್ ಕನ್ನಡದಲ್ಲಿ ಒಂದಾಗಲಿ. ಕಿವಿಗೂ ಅವು ಒಂದೇ. ಆದರೆ ಜ, ಜ಼ ಒಂದಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಉರ್ದು ಮನೆಮಾತಾಗಿದ್ದೂ ಕನ್ನಡ ಲಿಪಿಯನ್ನಷ್ಟೇ ಬಲ್ಲ ಮಕ್ಕಳಿದ್ದಾರೆ. ನಾನಿಯ ಬಾಯಲ್ಲಿ ಕೇಳಿದ್ದನ್ನು ಪುಸ್ತಕದಲ್ಲಿ ಗುರುತಿಸಲು ಅವರಿಗೆ ಆ ಚುಕ್ಕಿಗಳು ಬೇಕು. ಅನುವಾದಕರು, ಪ್ರಕಾಶಕರು ಗಮನಿಸಲಿ.