ಶಾಪ ಬಿಡಿ, ಎಲ್ಲೆ ಓದಿ: ಚಾಮುಂಡಿ ಬೆಟ್ಟದ ತಪ್ಪಲಿನ ಬಡಾವಣೆಗಳೂ ಶಾಸನಗಳ ಸಾಕ್ಷ್ಯವೂ

ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಇನ್ನು ಹೊಸ ಬಡಾವಣೆ ಬೇಡ ಎನ್ನುವ ನಿವಾಸಿಗಳ ಆಕ್ಷೇಪಣೆ ಅರ್ಜಿ, ಕರಪತ್ರ, ಫಲಕಗಳನ್ನು ಕೆಲವು ಕಾಲದಿಂದ ಒಟ್ಟುಮಾಡಿಕೊಂಡು ಓದುತ್ತಾ ಬಂದಿದ್ದೇನೆ. ಶಾಸನ ಓದುವವರ ಚಾಳಿ ಇದು. ಕಲ್ಲಿನ ಮೇಲಿರಲಿ, ಫ್ಲೆಕ್ಸಿನ ಮೇಲಿರಲಿ, ಬರಹ ಅಂತ ಕಂಡರೆ ಪಾಠ ಸರಿಯಿದೆಯೋ ಇಲ್ಲವೋ ನೋಡದೆ ಮುಂದೆ ಹೋಗಲಾಗುವುದಿಲ್ಲ. ಅವರ ಬೇಡಿಕೆಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಆದರೆ ಆ ಬೇಡಿಕೆಗೆ ಅವರು ಶಾಸನಗಳನ್ನು ಬಳಸಿಕೊಳ್ಳುತ್ತಿರುವ ರೀತಿಗೆ ಒಪ್ಪಿಗೆಯಿಲ್ಲ. ಈ ಬರಹ ಅದರ ಬಗ್ಗೆ.

ಮೊದಲು ಶಾಪಾಶಯದ ವಿಷಯ. ದಾನ ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಅನ್ನುವ ಶ್ಲೋಕ ಈಗ ಫಲಕಗಳ ಮೇಲೆ ಬಂದಿದೆ. ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪದ ಮಾತೂ ಬಂದಿದೆ. ಕೇಳೋದಕ್ಕೆ ಚೆನ್ನಾಗಿದೆ, ಫೋಟೋಗೂ ಚೆನ್ನಾಗಿದೆ. ಆದರೆ ಇದು ಯಾವ ಬೆಟ್ಟಕ್ಕೂ ಯಾವ ಊರಿಗೂ ಸೇರಿದ ಮಾತಲ್ಲ. ಗಂಗರಿಂದ ಹಿಡಿದು ಒಡೆಯರವರೆಗೆ ಸಾವಿರಾರು ದಾನಶಾಸನಗಳ ಕೊನೆಯಲ್ಲಿ ಲಿಪಿಕಾರರು ರೂಢಿಯಂತೆ ಹಾಕಿದ ಮುದ್ರೆ. ಎಷ್ಟೋ ಕಲ್ಲುಗಳಲ್ಲಿ ಜಾಗ ಸಾಲದೆ ಅರ್ಧಕ್ಕೇ ನಿಲ್ಲಿಸಿರುತ್ತಾರೆ, ಓದುಗನಿಗೆ ಉಳಿದದ್ದು ಗೊತ್ತೇ ಇದೆ ಅನ್ನುವ ಧೈರ್ಯದಲ್ಲಿ.

ಇನ್ನೊಂದು ಅಪಾಯವೂ ಇದೆ. ಈ ಶಾಪ ಹಾಕುವುದು ದತ್ತಿಯನ್ನು ಅಪಹರಿಸಿದವನಿಗೆ. ಮನೆ ಕಟ್ಟಿದವನಿಗಲ್ಲ. ಹೊಯ್ಸಳರ ಕಾಲದ ಶಾಸನಗಳನ್ನು ಓದಿದವರಿಗೆ ತಿಳಿದಿರುವಂತೆ, ಕಾಡು ಕಡಿಸಿ ಊರು ಮಾಡಿದವನು, ಕೆರೆ ಕಟ್ಟಿಸಿದವನು, ಅಗ್ರಹಾರ ಮಾಡಿ ವೃತ್ತಿ ಹಂಚಿದವನು ಅಲ್ಲಿ ಪುಣ್ಯವಂತ. ನಾಳೆ ಬಡಾವಣೆಯವರ ಕಡೆ ಒಬ್ಬ ಬುದ್ಧಿವಂತ ವಕೀಲ ಅದೇ ಸಂಪುಟ ತೆರೆದು, ‘ನೋಡಿ ಸ್ವಾಮಿ, ನಾವೂ ಅದನ್ನೇ ಮಾಡ್ತಿದ್ದೀವಿ’ ಅಂದರೆ ಏನು ಉತ್ತರ ಕೊಡುತ್ತೀರಿ?

ಎರಡನೆಯದು, ‘ಅನಾದಿ ಕಾಲದಿಂದ ಇದು ತಾಯಿಯ ಬೆಟ್ಟ’ ಅನ್ನುವ ಸಾಲು. ಬೆಟ್ಟದ ಮೇಲೆ ದೇವಿ ಗುಡಿಯ ಪಕ್ಕದಲ್ಲೇ ಇರುವ ಮಹಾಬಲೇಶ್ವರ ಗುಡಿಗೆ ಹೋಗಿ. ಹೆಚ್ಚಿನ ಜನ ಅತ್ತ ಹೋಗುವುದಿಲ್ಲ, ಲಾಡು ಪ್ರಸಾದದ ಸಾಲಿನಲ್ಲೇ ಅವರ ಸಮಯ ಮುಗಿದಿರುತ್ತದೆ. ಹೊಯ್ಸಳ ವಿಷ್ಣುವರ್ಧನನ ಕಾಲದ, ಕ್ರಿ.ಶ. 1128ರ ಶಾಸನ ಈ ಸ್ಥಳವನ್ನು ಕರೆಯುವುದು ಮಾರ್ಬಳ ತೀರ್ಥ ಎಂದು. ಅಂದರೆ ಆ ಕಾಲಕ್ಕೆ ಬೆಟ್ಟದ ಗುರುತು ಮಹಾಬಲ, ಶಿವ. ಚಾಮುಂಡಿಯ ಹೆಸರು ಬೆಟ್ಟಕ್ಕೆ ಗಟ್ಟಿಯಾಗಿ ಅಂಟಿದ್ದು ಮೈಸೂರು ಅರಸರು ಅವಳನ್ನು ಮನೆದೇವತೆಯಾಗಿ ಮುಂದಿಟ್ಟ ಮೇಲೆ. ಸಾವಿರ ಮೆಟ್ಟಿಲು ಮತ್ತು ಏಕಶಿಲೆಯ ನಂದಿ ದೊಡ್ಡದೇವರಾಜ ಒಡೆಯರ ಕಾಲದ್ದು, 1664ರದ್ದು. ದೇವಿ ಗುಡಿಯ ಏಳು ನೆಲೆಯ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ್ದು. ಇದರಿಂದ ಬೆಟ್ಟದ ಮಹತ್ವ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಒಂದೇ ಬಂಡೆಯ ಮೇಲೆ ಏಳುನೂರು ವರ್ಷದ ಪದರಗಳು ಕೂತಿವೆ. ‘ಅನಾದಿ’ ಎಂದು ಬರೆದ ಕೂಡಲೇ ಆ ಪದರಗಳೆಲ್ಲ ಅಳಿಸಿಹೋಗುತ್ತವೆ. ತಾರೀಖು ಕೈಯಲ್ಲಿರುವಾಗ ಅನಾದಿಯ ಮೊರೆ ಯಾಕೆ ಹೋಗಬೇಕು?

ಈಗ ನಿಜವಾಗಿ ಕೆಲಸಕ್ಕೆ ಬರುವ ಭಾಗಕ್ಕೆ ಬರೋಣ. ದಾನಶಾಸನದಲ್ಲಿ ಅರಸನ ಬಿರುದಾವಳಿ ಮುಗಿದ ಮೇಲೆ, ಶಾಪಾಶಯ ಶುರುವಾಗುವ ಮೊದಲು, ನಮ್ಮಲ್ಲಿ ಬಹಳ ಜನ ಹಾರಿಸಿಕೊಂಡು ಹೋಗುವ ಕೆಲವು ಸಾಲುಗಳಿರುತ್ತವೆ. ಗದ್ದೆ ಇಷ್ಟು, ಬೆದ್ದಲು ಇಷ್ಟು, ಮೂಡಲು ಇಂಥ ಕೆರೆ, ತೆಂಕಲು ಇಂಥ ಅರೆ, ಪಡುವಲು ಹಳ್ಳ, ಬಡಗಲು ಹುತ್ತ, ಅಲ್ಲಿಂದ ನಟ್ಟ ಕಲ್ಲು. ಇದೇ ಎಲ್ಲೆಯ ಭಾಗ. ವಿದ್ಯಾರ್ಥಿಯಾಗಿದ್ದಾಗ ನನಗೂ ಇದು ಒಣ ಪಟ್ಟಿಯಂತೆಯೇ ಕಾಣುತ್ತಿತ್ತು. ಒಮ್ಮೆ ಒಂದು ಶಾಸನವನ್ನು ಕೈಯಲ್ಲಿ ಹಿಡಿದು ಆ ಎಲ್ಲೆಯ ಮೇಲೆ ನಡೆದು ನೋಡಿದರೆ ಗೊತ್ತಾಗುತ್ತೆ. ಎಂಟುನೂರು ವರ್ಷದ ಹಿಂದೆ ಒಬ್ಬ ಸೇನಬೋವ ನಿಂತು ಕೈ ತೋರಿಸಿದ ಅರೆ ಇನ್ನೂ ಅಲ್ಲೇ ಇರುತ್ತದೆ, ಹಳ್ಳ ಇನ್ನೂ ಅಲ್ಲೇ ಹರಿಯುತ್ತಿರುತ್ತದೆ. ಬೆಟ್ಟದ ಇಳಿಜಾರಿನಲ್ಲಿ ನೀರು ಎಲ್ಲಿ ಇಳಿಯುತ್ತಿತ್ತು, ಎಲ್ಲಿ ನಿಲ್ಲುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಹಳೆಯ ಲಿಖಿತ ದಾಖಲೆ ನಮ್ಮಲ್ಲಿಲ್ಲ. ಕಾಲುವೆ ಮುಚ್ಚಿ ಸೈಟು ಮಾಡಿದ್ದಾರೆ ಅನ್ನೋದು ಇವತ್ತಿನ ಜಗಳವಾದರೆ, ಕಾಲುವೆ ಅಲ್ಲಿತ್ತು ಎಂಬುದಕ್ಕೆ ಸಾಕ್ಷಿ ಹೇಳಬಲ್ಲದ್ದು ಈ ಸಾಲುಗಳು, ಹುಳುವಿನ ಶ್ಲೋಕ ಅಲ್ಲ.

ಎಲ್ಲೆಗೆ ನೆಟ್ಟ ಕಲ್ಲುಗಳ ಕಥೆ ಇನ್ನೂ ಕಷ್ಟದ್ದು. ಶಿವಾಲಯದ ಭೂಮಿಗೆ ಲಿಂಗಮುದ್ರೆ ಕಲ್ಲು, ಬ್ರಾಹ್ಮಣರಿಗೆ ಬಿಟ್ಟ ಭೂಮಿಗೆ ಕೊಡೆ ಹಿಡಿದ ವಾಮನಮುದ್ರೆ, ಬಸದಿಯ ಭೂಮಿಗೆ ಮುಕ್ಕೊಡೆ. ಇವುಗಳಲ್ಲಿ ಅಕ್ಷರ ಇಲ್ಲದಿರುವುದೇ ಹೆಚ್ಚು. ಅಕ್ಷರ ಇಲ್ಲದ್ದರಿಂದ ಎಪಿಗ್ರಾಫಿಯ ಸಂಪುಟಗಳಲ್ಲಿ ಜಾಗ ಸಿಗಲಿಲ್ಲ, ಶಿಲ್ಪ ಅನ್ನುವಷ್ಟು ಚೆಂದ ಇಲ್ಲದ್ದರಿಂದ ಮ್ಯೂಸಿಯಂನವರಿಗೂ ಬೇಡ. ಜೆಸಿಬಿ ಬಂದು ನೆಲ ಸಮ ಮಾಡುವ ಮೊದಲ ದಿನವೇ ಪಕ್ಕಕ್ಕೆ ಉರುಳುವುದು ಇಂಥವು. ಆಮೇಲೆ ಸೈಜುಗಲ್ಲುಗಳ ಜತೆ ಸೇರಿ ಕಾಂಪೌಂಡಿನ ಪಾಯಕ್ಕೆ ಹೋಗುತ್ತವೆ. ಮೈಸೂರು ಸುತ್ತಮುತ್ತ ಹೊಸ ಲೇಔಟುಗಳ ಮೂಲೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತ ಲಿಂಗಮುದ್ರೆ ಕಲ್ಲು ಕಂಡಾಗ ನನಗೆ ಸಮಾಧಾನ ಆಗುವುದಿಲ್ಲ. ಪೂಜೆ ನಡೆಯುತ್ತಿದೆ, ಆದರೆ ಅದು ಯಾವ ಎಲ್ಲೆಯಲ್ಲಿತ್ತು ಎಂದು ಹೇಳುವವರು ಇಲ್ಲ. ಜಾಗ ಬಿಟ್ಟ ಗಡಿಕಲ್ಲು ಏನನ್ನೂ ಹೇಳುವುದಿಲ್ಲ.

ಇವು ಸುಲಭವಾಗಿ ಕಳೆದುಹೋಗುವುದಕ್ಕೆ ಕಂದಾಯ ದಾಖಲೆಯಲ್ಲಿ ಒಂದು ಕಾರಣವಿದೆ. ಅದರ ಹೆಸರು ಖರಾಬು. ಸಾಗುವಳಿಗೆ ಬಾರದ ಬಂಡೆ, ಕಲ್ಲುನೆಲ ಎ ಖರಾಬು. ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ್ದು ಬಿ ಖರಾಬು. ಈಗ ನೀವೇ ಯೋಚಿಸಿ, ಶಾಸನಗಳು ಎಲ್ಲಿರುತ್ತವೆ? ಬಂಡೆಯ ಮೇಲೆ, ಕೆರೆ ಏರಿಯಲ್ಲಿ, ತೂಬಿನ ಹತ್ತಿರ, ದಾರಿಯ ಬದಿಯಲ್ಲಿ, ವೀರಗಲ್ಲಾದರೆ ಊರ ಹೊರಗೆ. ಕಂದಾಯದ ಗುಮಾಸ್ತ ಖರಾಬು ಎಂದು ಬರೆದ ಜಾಗವೇ ಶಾಸನಕಾರ ಹುಡುಕಿಕೊಂಡು ಹೋದ ಜಾಗ. ಶ್ರವಣಬೆಳಗೊಳದ ಚಂದ್ರಗಿರಿಯನ್ನು ಸರ್ವೆ ಲೆಕ್ಕದಲ್ಲಿ ನೋಡಿದರೆ ಬೋಳು ಬಂಡೆ. ಆ ಊರಿನ ಸಂಪುಟದ 1973ರ ಆವೃತ್ತಿಯಲ್ಲಿ ಸೇರಿರುವ ಶಾಸನಗಳ ಸಂಖ್ಯೆ 573, ಅದರಲ್ಲಿ ದೊಡ್ಡ ಪಾಲು ಆ ಬೋಳು ಬಂಡೆಯದೇ. ಚಾಮುಂಡಿ ಬೆಟ್ಟ ಚಂದ್ರಗಿರಿಯಲ್ಲ, ಅಷ್ಟು ಬರಹ ಇಲ್ಲಿಲ್ಲ. ಆದರೆ ‘ಏನೂ ಇಲ್ಲದ ಇಳಿಜಾರು’ ಎಂದು ವರದಿಯಲ್ಲಿ ಬರೆಯುವ ಮೊದಲು ಯಾರಾದರೂ ಬೆಳಗಿನ ಓರೆ ಬಿಸಿಲಿನಲ್ಲಿ ಆ ಇಳಿಜಾರನ್ನು ನಡೆದು ನೋಡಿದ್ದಾರಾ ಅನ್ನೋದು ನನ್ನ ಪ್ರಶ್ನೆ. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಸವೆದ ಅಕ್ಷರ ಯಾರಿಗೂ ಕಾಣುವುದಿಲ್ಲ.

ಬಡಾವಣೆ ಮಾಡುವವರ ಕಡೆಯ ಉತ್ತರ ಸಾಮಾನ್ಯವಾಗಿ ಒಂದೇ ವಾಕ್ಯ: ಯೋಜನೆಯ ಜಾಗದಲ್ಲಿ ಯಾವುದೇ ಸಂರಕ್ಷಿತ ಸ್ಮಾರಕ ಇಲ್ಲ. ವಾಕ್ಯ ಸುಳ್ಳಲ್ಲ. ಅದರ ಒಳಗಿರುವ ಜಾಣತನ ‘ಸಂರಕ್ಷಿತ’ ಅನ್ನುವ ಪದದಲ್ಲಿದೆ. 1958ರ ಕೇಂದ್ರ ಕಾಯ್ದೆ ಪ್ರಾಚೀನ ಸ್ಮಾರಕ ಎಂದರೇನು ಎಂದು ಹೇಳುವಾಗ ನೂರು ವರ್ಷ ಹಳೆಯದಾದ ಶಾಸನವನ್ನು, ಏಕಶಿಲೆಯನ್ನು ಹೆಸರಿಟ್ಟು ಸೇರಿಸುತ್ತದೆ. ಆದರೆ 2010ರ ತಿದ್ದುಪಡಿಯ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂಬ ರಕ್ಷಣೆ ಸಿಗುವುದು ಅಧಿಸೂಚನೆ ಆದವಕ್ಕೆ ಮಾತ್ರ. ಹೊಲದ ಬದುವಿನಲ್ಲಿ ನಿಂತ ವೀರಗಲ್ಲು ಕಾಯ್ದೆಯ ಅರ್ಥದಲ್ಲಿ ಸ್ಮಾರಕವೇ, ಕಾಯ್ದೆಯ ರಕ್ಷಣೆಗೆ ಮಾತ್ರ ಹೊರಗು. ಈ ಸಂದಿಯಲ್ಲೇ ಎಲ್ಲ ಲೇಔಟುಗಳೂ ಹಾದುಹೋಗುತ್ತವೆ. ನಿವಾಸಿಗಳ ಅರ್ಜಿಗಳು ಇದನ್ನು ಎತ್ತಿ ಕೇಳಿದ್ದು ನಾನು ನೋಡಿದ್ದು ಕಡಿಮೆ.

‘ಕಲ್ಲು ಸಿಕ್ಕರೆ ಮ್ಯೂಸಿಯಂಗೆ ಕೊಡ್ತೀವಿ’ ಅನ್ನುವ ಔದಾರ್ಯದ ಮಾತೂ ಇದೆ. ಇದಕ್ಕೆ ಎರಡು ಉದಾಹರಣೆ ಸಾಕು. ದೆಹಲಿಯ ಬಹಾಪುರದಲ್ಲಿ, ಇವತ್ತು ಈಸ್ಟ್ ಆಫ್ ಕೈಲಾಶ್, ಶ್ರೀನಿವಾಸಪುರಿ ಎಂದು ಮನೆಗಳು ತುಂಬಿರುವ ಕಡೆ, 1966ರಲ್ಲಿ ಗುಡ್ಡದ ಬಂಡೆಯ ಮೇಲೆ ಅಶೋಕನ ಕಿರು ಶಾಸನವನ್ನು ಕಂಡವನು ಒಬ್ಬ ಕಟ್ಟಡ ಕಂಟ್ರಾಕ್ಟರ್. ನಮ್ಮ ಬ್ರಹ್ಮಗಿರಿ, ಮಸ್ಕಿಗಳ ಅಣ್ಣತಮ್ಮ ಅದು. ಬಂಡೆಯನ್ನು ಅಲ್ಲಿಯೇ ಉಳಿಸಿದ್ದಕ್ಕೆ ಅದು ಇವತ್ತೂ ಬಹಾಪುರದ ಶಾಸನ. ಸೀಳಿ ಸಾಗಿಸಿದ್ದರೆ ಅಶೋಕನ ಅಕ್ಷರ ಉಳಿಯುತ್ತಿತ್ತು, ಅವನು ಆ ಗುಡ್ಡವನ್ನೇ ಯಾಕೆ ಆರಿಸಿದ ಎಂದು ಕೇಳುವ ದಾರಿ ಮುಚ್ಚುತ್ತಿತ್ತು. ಎರಡನೆಯದು ಬೆಂಗಳೂರಿನ ಹೆಬ್ಬಾಳದ್ದು. 2018ರಲ್ಲಿ ಚರಂಡಿ ಕೆಲಸಕ್ಕೆ ಅಗೆದಾಗ ಸಿಕ್ಕ ಕಿತ್ತಯ್ಯನ ವೀರಗಲ್ಲು, ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಅದರಲ್ಲಿ ಬರುವ ಪೆರ್ಬೊಳಲ್ನಾಡು ಅನ್ನುವ ಹೆಸರು ಹೆಬ್ಬಾಳಕ್ಕೆ ಅಂಟಿಕೊಳ್ಳುವುದು ಕಲ್ಲು ಹೆಬ್ಬಾಳದ ಮಣ್ಣಿನಲ್ಲೇ ಸಿಕ್ಕಿದ್ದರಿಂದ. ಅಲ್ಲಿಯ ಜನ ಅದಕ್ಕೊಂದು ಮಂಟಪ ಮಾಡಿಸಿದ್ದಾರೆ, ಒಳ್ಳೆಯದಾಯಿತು. ಆದರೂ ಅಂಥದ್ದು ಸಿಕ್ಕಿದ್ದು ಅದೃಷ್ಟದಿಂದ. ಅಗೆಯುವವನ ಕಣ್ಣಿಗೆ ಬೀಳದೆ ಹೋದವುಗಳ ಲೆಕ್ಕ ಯಾರ ಹತ್ತಿರವೂ ಇಲ್ಲ.

ಇಷ್ಟು ಹೇಳಿದ ಮೇಲೆ ನಿವಾಸಿಗಳಿಗೆ ಸ್ವಲ್ಪ ಕಹಿಯಾದ ಮಾತೂ ಹೇಳಬೇಕು. ಆಕ್ಷೇಪಣೆ ಬರೆಯುತ್ತಿರುವ ಹಲವರ ಮನೆಗಳು ನಿಂತಿರುವುದೂ ಹಿಂದಿನ ತಲೆಮಾರಿನ ತಪ್ಪಲಿನಲ್ಲೇ. ಕುರುಬಾರಹಳ್ಳಿ ಸರ್ವೆ ನಂಬರ್ 4ಕ್ಕೆ ಬಿ ಖರಾಬು ಎಂಬ ಷರಾ ಬಿದ್ದಾಗ ಅಲ್ಲಿ ಆಗಲೇ ಮನೆ ಕಟ್ಟಿಕೊಂಡಿದ್ದವರು ಖಾತೆಗಾಗಿ ಪಟ್ಟ ಪಾಡು ಮೈಸೂರಿನವರಿಗೆಲ್ಲ ಗೊತ್ತು. ‘ನಾವು ಬಂದ ಮೇಲೆ ಬಾಗಿಲು ಹಾಕಿ’ ಅನ್ನುತ್ತಿದ್ದೀರಿ ಎಂದು ಎದುರು ಪಕ್ಷ ಚುಚ್ಚಿದರೆ ಅದರಲ್ಲಿ ನ್ಯಾಯ ಇಲ್ಲದಿಲ್ಲ. ಇದಕ್ಕೆ ನಾಚಿಕೊಂಡು ಸುಮ್ಮನಾಗಬೇಕಿಲ್ಲ. ಬದಲಿಗೆ ತಮ್ಮದೇ ಬಡಾವಣೆ ಆಗುವಾಗ ಏನು ಕಳೆಯಿತು ಎಂದು ಬರೆದು ಕೊಟ್ಟರೆ ಅದಕ್ಕಿಂತ ಬಲವಾದ ಆಕ್ಷೇಪಣೆ ಇನ್ನೊಂದಿಲ್ಲ. ಮೂವತ್ತು ವರ್ಷದ ಹಿಂದೆ ಸೈಟು ಕೊಂಡ ಹಿರಿಯರಿಗೆ ಅಲ್ಲಿದ್ದ ಕಟ್ಟೆ, ಕಲ್ಲು, ಬಾವಿ ನೆನಪಿರುತ್ತವೆ. ಕೇಳುವವರಿಲ್ಲ ಅಷ್ಟೇ.

ಬೆಟ್ಟದ ತುದಿಯ ವಿಷಯ ಬೇರೆ. ಬಹುಮಹಡಿ ಪಾರ್ಕಿಂಗ್ ಬಂತು, ರೋಪ್‌ವೇ ಮಾತು ಬಂದು ವಿರೋಧದಿಂದ ಹಿಂದೆ ಸರಿಯಿತು, 2019ರಲ್ಲೂ 2021ರಲ್ಲೂ ಮಳೆಗೆ ನಂದಿ ರಸ್ತೆ ಕುಸಿಯಿತು. ಇದರ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ಎಲ್ಲರ ಕಣ್ಣೂ ತುದಿಯ ಮೇಲಿರುವಾಗ ಲಲಿತಾದ್ರಿಪುರ, ಉತ್ತನಹಳ್ಳಿ ಕಡೆಯ ಬುಡ ಯಾರ ಗಮನಕ್ಕೂ ಬರದೆ ಸೈಟುಗಳಾಗುತ್ತಿದೆ ಅನ್ನೋದಷ್ಟೇ ನನ್ನ ತಕರಾರು.

ಹಾಗಾದರೆ ಅರ್ಜಿಯಲ್ಲಿ ಏನಿರಬೇಕು? ಬಿ.ಎಲ್. ರೈಸ್ 1894ರಲ್ಲಿ ಮೈಸೂರು ಜಿಲ್ಲೆಯ ಮೊದಲ ಸಂಪುಟ ತಂದಾಗ ಪ್ರತಿ ಶಾಸನದ ತಲೆಯ ಮೇಲೆ ಅದು ಸಿಕ್ಕ ಜಾಗವನ್ನು ಒಂದು ಸಾಲಿನಲ್ಲಿ ಬರೆಸಿದ. ಇಂಥ ಊರಿನ ಇಂಥ ದಿಕ್ಕಿನ ಹೊಲ, ಇಂಥ ಗುಡಿಯ ಮುಂದೆ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ತಂದ ಪರಿಷ್ಕೃತ ಸಂಪುಟಗಳಲ್ಲೂ ಆ ಸಾಲು ಇದೆ. ಅದನ್ನು ಇಟ್ಟುಕೊಂಡು ತಪ್ಪಲಿನ ಹಳ್ಳಿಗಳ ಶಾಸನಗಳನ್ನು ಒಂದೊಂದಾಗಿ ಹುಡುಕಬೇಕು. ಸರ್ವೆ ಕಚೇರಿಯಿಂದ ಆ ಸರ್ವೆ ನಂಬರಿನ ಮೂಲ ಟಿಪ್ಪಣಿ, ಹಳ್ಳಿ ನಕ್ಷೆ ತೆಗೆಸಿ, ಅದರಲ್ಲಿ ಕಾಣುವ ಹಳ್ಳ, ಕಟ್ಟೆ, ಕಾಲುದಾರಿಯನ್ನು ಶಾಸನದ ಎಲ್ಲೆಯ ಜತೆ ಇಟ್ಟು ನೋಡಬೇಕು. ಕಲ್ಲು ಇದ್ದರೆ ಅಳತೆ, ನಾಲ್ಕು ಕಡೆಯ ಫೋಟೋ, ಅಕ್ಷಾಂಶ ರೇಖಾಂಶ. ಇಲ್ಲದಿದ್ದರೆ ‘1894ರಲ್ಲಿ ಇತ್ತು, ಈಗ ಇಲ್ಲ’ ಎಂದು ತಾರೀಖು ಹಾಕಿ ಒಂದು ಸಾಲು. ಅಕ್ಷರವಿಲ್ಲದ ಮುದ್ರೆಕಲ್ಲುಗಳನ್ನೂ ಬಿಡಬಾರದು. ಭೂಬಳಕೆ ಬದಲಾವಣೆಗೆ ಆಕ್ಷೇಪಣೆ ಕರೆಯುವ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ಕೊಡುವ ಅವಧಿಯೂ ಸಣ್ಣದು. ಆ ಪ್ರಕಟಣೆ ಬಂದ ಮೇಲೆ ಕಲ್ಲು ಹುಡುಕಲು ಹೊರಟರೆ ಆಗುವುದಿಲ್ಲ. ನಿಮ್ಮ ಬಡಾವಣೆಯ ಸುತ್ತ ನೆಟ್ಟ ಕಲ್ಲು ಏನಾದರೂ ಇದ್ದರೆ ಈ ಭಾನುವಾರ ಬೆಳಗ್ಗೆ ಏಳಕ್ಕೇ ಹೋಗಿ ಫೋಟೋ ತೆಗೆಯಿರಿ. ಸೀಮೆಸುಣ್ಣ, ಅರಿಶಿನ ಏನೂ ಹಚ್ಚಬೇಡಿ. ಒಂದು ಬಾಟಲಿ ನೀರು ಸಾಕು.